ಬೆಳಿಗ್ಗೆ ಆರೂವರೆಯ ಕರೆಂಟು

(ನಮ್ಮ ಬಡಾವಣೆಯ ಗ್ರಂಥಾಲಯದ ಸಭಾಂಗಣದಲ್ಲಿ, ಬೆಂಗಳೂರಿನ ವಿದ್ಯುತ್ತಿನ ಮುಂದಿನ ದಿನಗಳ ಕುರಿತು ನಿವಾಸಿಗಳೆದುರು ಆಡಿದ ಮಾತಿನ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ವಿದ್ಯುತ್ ವಿತರಣೆಯ ಕೆಲಸದಲ್ಲಿ ನಾನು ಮೂವತ್ತು ವರ್ಷ ಕಳೆದಿದ್ದೇನೆ. ಸೇರಿದ ಹೊಸದರಲ್ಲಿ ನಗರದ ದಕ್ಷಿಣ ಭಾಗದ ಒಂದು ಉಪಕೇಂದ್ರದಲ್ಲಿ ನನಗೆ ಪಾಳಿ ಕೆಲಸ. ಅಲ್ಲಿ ಉದ್ದನೆಯ ಒಂದು ಲಾಗ್ ಪುಸ್ತಕವಿತ್ತು. ಪ್ರತಿ ಗಂಟೆಗೊಮ್ಮೆ ಎದ್ದು ಹೋಗಿ, ಒಂದೊಂದು ಫೀಡರಿನ, ಅಂದರೆ ಬಡಾವಣೆಗಳಿಗೆ ವಿದ್ಯುತ್ತು ಒಯ್ಯುವ ಮಾರ್ಗದ, ಮೀಟರ್ ನೋಡಿ, ಎಷ್ಟು ಆಂಪಿಯರ್ ಹರಿಯುತ್ತಿದೆ ಎಂದು ಪೆನ್ನಿನಲ್ಲಿ ಬರೆಯಬೇಕು. ಮೊದಲ ತಿಂಗಳು ಅದು ಬರೀ ಬೇಸರದ ಕೆಲಸವಾಗಿ ಕಂಡಿತು. ಆಮೇಲೆ ನಿಧಾನವಾಗಿ ಓದಲು ಬಂತು. ಬೆಳಗಿನ ಐದಕ್ಕೆ ನೂರರ ಆಸುಪಾಸಿನಲ್ಲಿದ್ದ ಅಂಕಿ ಏಳಕ್ಕೆ ಇನ್ನೂರನ್ನು ಮುಟ್ಟುತ್ತಿತ್ತು. ಹತ್ತಕ್ಕೆ ಇಳಿಯುತ್ತಿತ್ತು. ಸಂಜೆ ಆರೂವರೆಗೆ, ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ, ಮತ್ತೆ ಏರುತ್ತಿತ್ತು. ನರಕ ಚತುರ್ದಶಿಯ ದಿನ ಬೆಳಗಿನ ಏರಿಕೆ ನಾಲ್ಕು ಗಂಟೆಗೇ ಶುರುವಾದದ್ದನ್ನು ನೋಡಿ, ಊರಿಗೆ ಊರೇ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಕೂತಿರುವುದು ಆ ಕೋಣೆಯಲ್ಲಿ ಒಬ್ಬನೇ ಇದ್ದ ನನಗೆ ಕಂಡಂತಾಗಿತ್ತು.

ನಾನು ಇವತ್ತು ಹೇಳಬೇಕಾದ ಮಾತು ಆ ಪುಸ್ತಕದಿಂದಲೇ ಬಂದದ್ದು. ನಗರದ ವಿದ್ಯುತ್ತನ್ನು ಶುದ್ಧ ಮಾಡುವ ಬಗ್ಗೆ ಮಾತು ಬಂದಾಗಲೆಲ್ಲ ಇಷ್ಟು ಸಾವಿರ ಮೆಗಾವ್ಯಾಟ್, ಇಂಥ ಇಸವಿಯೊಳಗೆ ಎನ್ನುತ್ತಾರೆ. ಮೆಗಾವ್ಯಾಟ್ ಬೇಕು, ಇಸವಿಯೂ ಬೇಕು. ಆದರೆ ವಿದ್ಯುತ್ತು ಮೂಟೆ ಕಟ್ಟಿ ಅಟ್ಟದ ಮೇಲಿಡುವ ಅಕ್ಕಿಯಲ್ಲ. ಯಾವ ಗಂಟೆಗೆ ಬೇಕೋ ಆ ಗಂಟೆಗೆ, ಯಾವ ಬೀದಿಗೆ ಬೇಕೋ ಆ ಬೀದಿಗೆ ಅದು ಬರಬೇಕು. ಹಾಗಾಗಿ ಯೋಜನೆ ಗಂಟೆಯಿಂದ ಮತ್ತು ಬೀದಿಯಿಂದ ಶುರುವಾಗಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಶುದ್ಧ ವಿದ್ಯುತ್ತು ಬೆಂಗಳೂರಿಗೆ ಹೊಸದಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೆಲಸ ಆರಂಭಿಸಿತು. ಅದರ ತಂತಿ ಮೊದಲು ಬಂದದ್ದು ನಮ್ಮ ಕಡೆಗಲ್ಲ. ತೊಂಬತ್ತು ಮೈಲಿಗೂ ಹೆಚ್ಚು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಅದು ಹೋಯಿತು. ಮೂರು ವರ್ಷ ಕಳೆದ ಮೇಲೆ, 1905ರ ಆಗಸ್ಟ್ 5ರಂದು, ಈಗಿನ ಕೃಷ್ಣರಾಜ ಮಾರುಕಟ್ಟೆಯ ಬಳಿ ಬೀದಿ ದೀಪ ಬೆಳಗಿತು. ಅಂದು ಬೆಂಗಳೂರಿಗೆ ಬಂದ ಕರೆಂಟು ಕಾವೇರಿಯ ನೀರಿನಿಂದಲೇ ಬಂದದ್ದು, ಅದರಲ್ಲಿ ಹೊಗೆಯ ಲವಲೇಶವೂ ಇರಲಿಲ್ಲ. ಮುಂದೆ ಜೋಗ ಬಂತು, ಶರಾವತಿ ಬಂತು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾಗುವವರೆಗೆ ನಮ್ಮ ರಾಜ್ಯ ಬಹುಮಟ್ಟಿಗೆ ನೀರನ್ನೇ ನಂಬಿಕೊಂಡಿತ್ತು.

ಆ ಕಾಲದಲ್ಲಿ ಬದುಕಿದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಮಳೆ ಕೈಕೊಟ್ಟ ವರ್ಷ ಏನಾಗುತ್ತಿತ್ತು ಎಂದು ನಿಮಗೆ ಗೊತ್ತು. ಲಿಂಗನಮಕ್ಕಿಯಲ್ಲಿ ಎಷ್ಟು ಅಡಿ ನೀರಿದೆ ಎಂಬುದು ಪತ್ರಿಕೆಯ ಮುಖಪುಟದ ಸುದ್ದಿ. ಕಾರ್ಖಾನೆಗಳಿಗೆ ಕಡಿತ, ಮನೆಗಳಿಗೆ ಕಡಿತ, ಪರೀಕ್ಷೆಯ ಹೊತ್ತಿಗೆ ಮಕ್ಕಳ ಮುಂದೆ ಲಾಟೀನು. ಕಲ್ಲಿದ್ದಲು ಬಂದ ಮೇಲೆ ಆ ಕಷ್ಟ ತಗ್ಗಿತು, ಬದಲಿಗೆ ಹೊಗೆ ಬಂತು, ಹಾರುಬೂದಿ ಬಂತು. ಆ ಬೂದಿ ನಮ್ಮ ಕಿಟಕಿಗಳ ಮೇಲೆ ಬೀಳಲಿಲ್ಲ. ರಾಯಚೂರಿನ, ಬಳ್ಳಾರಿಯ ಜನರ ಕಿಟಕಿಗಳ ಮೇಲೆ ಬಿತ್ತು. ಅಂದರೆ ಒಂದು ಕಾಲದಲ್ಲಿ ನಮ್ಮ ಕರೆಂಟು ಶುದ್ಧವಾಗಿತ್ತು, ಭರವಸೆಯದ್ದಾಗಿರಲಿಲ್ಲ. ಆಮೇಲೆ ಭರವಸೆ ಸ್ವಲ್ಪ ಹೆಚ್ಚಿತು, ಶುದ್ಧತೆ ಹೋಯಿತು. ಎರಡನ್ನೂ ಒಟ್ಟಿಗೆ ಪಡೆಯುವ ಅವಕಾಶ ಈಗ ಮೊದಲ ಬಾರಿ ಬಂದಿದೆ. ಅದು ತಾನಾಗಿ ಆಗುವುದಿಲ್ಲ ಎಂಬುದನ್ನು 2023 ತೋರಿಸಿತು. ಆ ವರ್ಷ ಮುಂಗಾರು ಸೋತಿತು, ಪಂಪ್‌ಸೆಟ್ಟುಗಳು ಅಕ್ಟೋಬರಿನಲ್ಲೇ ಹಗಲಿರುಳು ಓಡತೊಡಗಿದವು, ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಬೇಕೆಂದು ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಅಡಿ ಆದೇಶ ಹೊರಡಿಸಬೇಕಾಯಿತು.

ಈಗ ಬೆಳಗಿನ ಆರೂವರೆಗೆ ಬರುತ್ತೇನೆ. ಒಂದು ಗೀಸರ್ ಎರಡು ಕಿಲೋವ್ಯಾಟ್ ಎಳೆಯುತ್ತದೆ. ಸಾವಿರ ಮನೆಗಳಲ್ಲಿ ಒಟ್ಟಿಗೆ ಗೀಸರ್ ಹಾಕಿದರೆ ಎರಡು ಮೆಗಾವ್ಯಾಟ್. ನಾನು ಅಂಕಿ ಬರೆಯುತ್ತಿದ್ದ ಹನ್ನೊಂದು ಕೆ.ವಿ. ಫೀಡರಿನಲ್ಲಿ ಇನ್ನೂರು ಆಂಪಿಯರ್ ಎಂದರೆ ನಾಲ್ಕು ಮೆಗಾವ್ಯಾಟ್‌ಗೂ ಸ್ವಲ್ಪ ಕಡಿಮೆ. ಅರ್ಧಕ್ಕರ್ಧ ಬಚ್ಚಲಮನೆಗೇ ಹೋಯಿತು! ಆ ಹೊತ್ತಿಗೆ ಸೂರ್ಯ ಇನ್ನೂ ಮೇಲೆ ಬಂದಿರುವುದಿಲ್ಲ, ಸೌರಫಲಕ ಕೊಡುವುದು ಏನೂ ಇಲ್ಲ. ಇದಕ್ಕೆ ಬೆಂಗಳೂರು ಕಂಡುಕೊಂಡ ಉತ್ತರ ನಮ್ಮ ಮಹಡಿಗಳ ಮೇಲೇ ಇದೆ. 2007ರಲ್ಲಿ ಹೊಸ ಕಟ್ಟಡಗಳಿಗೆ ಸೌರ ನೀರು ಕಾಯಿಸುವ ಯಂತ್ರ ಕಡ್ಡಾಯವಾಯಿತು, ಬಿಲ್ಲಿನಲ್ಲಿ ತಿಂಗಳಿಗೆ ಗರಿಷ್ಠ 50 ರೂಪಾಯಿಯ ರಿಯಾಯಿತಿಯೂ ಇತ್ತು. ನಿನ್ನೆಯ ಬಿಸಿಲು ಇವತ್ತಿನ ಸ್ನಾನಕ್ಕೆ ಬರುತ್ತದೆ. ಬ್ಯಾಟರಿ ಬೇಡ, ಇನ್ವರ್ಟರ್ ಬೇಡ, ಹಂಡೆಯಲ್ಲಿ ನೀರು ತುಂಬಿ ಮುಚ್ಚಿಟ್ಟಷ್ಟೇ ಸರಳ. ದೇಶದಲ್ಲಿ ಇಷ್ಟೊಂದು ಸೌರ ಹೀಟರುಗಳನ್ನು ಹೊತ್ತ ಇನ್ನೊಂದು ನಗರ ಸಿಗುವುದು ಕಷ್ಟ. ಇದನ್ನು ನಾವು ಸಾಕಷ್ಟು ಹೆಮ್ಮೆಯಿಂದ ಹೇಳಿಕೊಂಡಿಲ್ಲ. ಬರೀ ಐವತ್ತು ರೂಪಾಯಿಯ ರಿಯಾಯಿತಿ ಮತ್ತು ಒಂದು ನಿಯಮ ಬೆಳಗಿನ ಏರಿಕೆಯ ಬೆನ್ನು ಮುರಿದವು. ಯೋಜನೆ ಎಂದರೆ ನನಗೆ ಇದು.

ಆದರೆ ಈಗಿನ ಇಪ್ಪತ್ತು ಅಂತಸ್ತಿನ ವಸತಿ ಸಮುಚ್ಚಯದಲ್ಲಿ ಎಂಬತ್ತು ಮನೆಗೆ ಒಂದೇ ತಾರಸಿ. ಎಲ್ಲರ ಹೀಟರಿಗೂ ಅಲ್ಲಿ ಜಾಗವಿಲ್ಲ. ಅಂಥ ಕಡೆ ಹೀಟ್ ಪಂಪ್ ಬಳಸಬಹುದು. ಅದು ಸುತ್ತಲಿನ ಗಾಳಿಯ ಶಾಖವನ್ನೇ ಹೀರಿ ನೀರಿಗೆ ಕೊಡುತ್ತದೆ, ಗೀಸರ್‌ಗೆ ಮೂರು ಯೂನಿಟ್ ಬೇಕಾದಲ್ಲಿ ಅದಕ್ಕೆ ಒಂದು ಯೂನಿಟ್ ಸಾಕು. ಮಧ್ಯಾಹ್ನ ಓಡಿಸಿ ಟ್ಯಾಂಕಿನಲ್ಲಿ ಇಟ್ಟರೆ ಮರುದಿನ ಬೆಳಿಗ್ಗೆಗೆ ಸಿದ್ಧ.

ಮಧ್ಯಾಹ್ನದ ಕತೆ ಬೇರೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು ಇದೆ. ರಾಜ್ಯದ ಬೇರೆಡೆಯ ಫಲಕಗಳೂ ಸೇರಿ ಮಧ್ಯಾಹ್ನದ ಹೊತ್ತು ವಿದ್ಯುತ್ತು ಧಾರಾಳ. ಹಾಗಿದ್ದೂ ನಮ್ಮ ತಾರಸಿಗಳ ಮೇಲೆ ಫಲಕ ಬೇಕೇ? ಬೇಕು ಎನ್ನುತ್ತೇನೆ. ತಾರಸಿಯಲ್ಲಿ ಹುಟ್ಟಿದ ಯೂನಿಟ್ಟು ಅದೇ ಬೀದಿಯಲ್ಲಿ ಖರ್ಚಾಗುತ್ತದೆ, ಯಾರ ಹೊಲದ ಮೇಲೂ ತಂತಿ ಎಳೆಯಬೇಕಿಲ್ಲ. ಒಂದು ಕಿಲೋವ್ಯಾಟಿಗೆ ನೂರು ಚದರ ಅಡಿ ಸಾಕು, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತದೆ. ಮೂರು ಕಿಲೋವ್ಯಾಟ್ ಹಾಕಿಸಿದವರಿಗೆ ಪ್ರಧಾನ ಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನವಿದೆ.

ಇಲ್ಲಿ ಒಂದು ತೊಡಕನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಇದೆ. ಇನ್ನೂರು ಯೂನಿಟ್‌ವರೆಗೆ, ಹಿಂದಿನ ಬಳಕೆಯ ಸರಾಸರಿಯ ಮೇಲೆ ಶೇ 10 ಸೇರಿಸಿ, ಮನೆಗೆ ಉಚಿತ. ದುಡಿದು ತಿನ್ನುವ ಕುಟುಂಬಗಳಿಗೆ ಅದರಿಂದ ಆದ ನೆಮ್ಮದಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದನ್ನು ಕಡೆಗಣಿಸುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಆದರೆ ಬಿಲ್ಲು ಸೊನ್ನೆ ಬರುವ ಮನೆಯವರು ತಾರಸಿಗೆ ಫಲಕ ಏಕೆ ಹಾಕಿಸಿಯಾರು? ಅವರ ತಾರಸಿಯನ್ನು ವಿತರಣಾ ಕಂಪನಿಯೇ ಬಾಡಿಗೆಗೆ ಪಡೆಯಲಿ. ಫಲಕ ಕಂಪನಿಯದು, ಯೂನಿಟ್ಟು ಜಾಲಕ್ಕೆ, ಮನೆಯವರಿಗೆ ತಿಂಗಳ ಬಾಡಿಗೆ. ಪಾವಗಡದ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆ ಕೊಟ್ಟದ್ದು ಇದೇ ರೀತಿಯಲ್ಲಿ, ಜಮೀನು ಅವರ ಹೆಸರಿನಲ್ಲೇ ಉಳಿಯಿತು. ರೈತನ ಹೊಲಕ್ಕೆ ಸಾಧ್ಯವಾದದ್ದು ನಮ್ಮ ತಾರಸಿಗೆ ಏಕೆ ಸಾಧ್ಯವಾಗಬಾರದು? ಸರ್ಕಾರಿ ಶಾಲೆ, ಮಾರುಕಟ್ಟೆ, ಬಸ್ ಡಿಪೊಗಳ ಚಾವಣಿಗಳಿಂದ ಇದನ್ನು ನಾಳೆಯೇ ಶುರು ಮಾಡಬಹುದು.

ನೀರಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ವಿದ್ಯುತ್ತಿನ ಸಭೆಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ. ನಮ್ಮ ನಲ್ಲಿಗೆ ಬರುವ ಕಾವೇರಿ ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತ ಹಂತವಾಗಿ ಮೇಲೇರಿ ಬರುತ್ತಾಳೆ. ಒಟ್ಟು ಏರು ಸುಮಾರು ಐನೂರು ಮೀಟರ್. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಎತ್ತಲು, ಪಂಪು ಮತ್ತು ಕೊಳವೆಗಳಲ್ಲಿ ಆಗುವ ನಷ್ಟ ಸೇರಿಸಿ ನಾನು ಲೆಕ್ಕ ಹಾಕಿದರೆ, ಹತ್ತಿರ ಹತ್ತಿರ ಎರಡು ಯೂನಿಟ್ ಬೇಕು. ದಿನಕ್ಕೆ ಐನೂರು ಲೀಟರ್ ಬಳಸುವ ಮನೆಗೆ ದಿನಕ್ಕೆ ಒಂದು ಯೂನಿಟ್. ನಿಮ್ಮ ಫ್ರಿಜ್ಜು ಕೂಡ ಹೆಚ್ಚುಕಡಿಮೆ ಅಷ್ಟೇ ತಿನ್ನುತ್ತದೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾದ ಮೇಲೆ ಕಾವೇರಿ ಯೋಜನೆಯ ಒಟ್ಟು ಸಾಮರ್ಥ್ಯ ದಿನಕ್ಕೆ 220 ಕೋಟಿ ಲೀಟರ್ ದಾಟಿದೆ. ಪೂರ್ತಿ ಎತ್ತಿದರೆ ದಿನಕ್ಕೆ 44 ಲಕ್ಷ ಯೂನಿಟ್. ಇದರಲ್ಲಿ ಸುಮಾರು ಕಾಲುಭಾಗದಷ್ಟು ನೀರು ಸೋರಿಕೆ ಮತ್ತಿತರ ಕಾರಣಗಳಿಂದ ಲೆಕ್ಕಕ್ಕೇ ಸಿಗುವುದಿಲ್ಲ. ರಸ್ತೆಯಡಿಯಲ್ಲಿ ಒಡೆದ ಕೊಳವೆಯಿಂದ ಜಿನುಗುವ ನೀರನ್ನು ನೋಡಿದಾಗ ನನಗೆ ಕರೆಂಟೇ ಸೋರಿಹೋಗುವುದು ಕಾಣುತ್ತದೆ. ಆ ಕೊಳವೆಯನ್ನು ರಿಪೇರಿ ಮಾಡುವವನೂ ಇಂಧನ ಉಳಿತಾಯದ ಕೆಲಸಗಾರನೇ. ಬಿದ್ದ ಮಳೆಯನ್ನು ನೆಲದಡಿಯ ಸಂಪಿನೊಳಕ್ಕೆ ಇಳಿಸುವ ಮನೆ ಕೂಡ ಅಷ್ಟು ವಿದ್ಯುತ್ತನ್ನು ಉತ್ಪಾದಿಸಿದಂತೆಯೇ.

ಕಾವೇರಿಯ ದೊಡ್ಡ ಪಂಪುಗಳು ಹಗಲಿರುಳು ಓಡಲೇಬೇಕು, ಅವುಗಳ ಹೊತ್ತನ್ನು ಬದಲಿಸುವುದು ಸುಲಭವಲ್ಲ. ಆದರೆ ನಮ್ಮ ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸುವ ಮೋಟಾರು, ಅಪಾರ್ಟ್‌ಮೆಂಟಿನ ಕೊಳವೆಬಾವಿ, ಕೊಳಚೆ ನೀರು ಶುದ್ಧೀಕರಿಸುವ ಘಟಕ, ಇವೆಲ್ಲ ಬೆಳಿಗ್ಗೆ ಏಳಕ್ಕೇ ಓಡಬೇಕೆಂಬ ನಿಯಮವಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಸ್ವಿಚ್ ಹಾಕಿದರೆ ಅದೇ ಕೆಲಸ ಬಿಸಿಲಿನಿಂದ ಆಗುತ್ತದೆ.

ಇನ್ನು ಸಂಜೆ. ಕಷ್ಟವೆಲ್ಲ ಇರುವುದು ಇಲ್ಲಿ. ಆರೂವರೆಗೆ ಪಾವಗಡ ಸುಮ್ಮನಾಗುತ್ತದೆ, ನಗರ ಏಳುತ್ತದೆ. ಆಷಾಢದ ತಿಂಗಳಲ್ಲಿ ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಕೈಹಿಡಿಯುತ್ತವೆ. ಮೋಡ ಕವಿದು ಸೌರವಿದ್ಯುತ್ತು ಇಳಿದ ತಿಂಗಳುಗಳಲ್ಲೇ ಗಾಳಿ ಏರುವುದು ನಮ್ಮ ರಾಜ್ಯಕ್ಕೆ ನಿಸರ್ಗ ಕೊಟ್ಟ ವರ. ಆದರೆ ಮಾರ್ಚ್, ಏಪ್ರಿಲ್ ಸಂಜೆಗಳಲ್ಲಿ ಬಿಸಿಲೂ ಇಲ್ಲ, ಗಾಳಿಯೂ ಕಡಿಮೆ. ಮಧ್ಯಾಹ್ನದ್ದನ್ನು ಕೂಡಿಡಬೇಕು. ಒಂದು ದಾರಿ ಬ್ಯಾಟರಿ. ಇನ್ನೊಂದು, ಮಧ್ಯಾಹ್ನದ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿ ಸಂಜೆ ಬಿಡುವುದು. ನೂರು ಯೂನಿಟ್ ಹಾಕಿದರೆ ಎಪ್ಪತ್ತೈದು, ಎಂಬತ್ತು ಹಿಂದಿರುಗುತ್ತದೆ. ಶರಾವತಿ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಇಂಥ 2,000 ಮೆಗಾವ್ಯಾಟಿನ ಯೋಜನೆಯ ಪ್ರಸ್ತಾವವಿದೆ. ಆ ಕಣಿವೆ ಸಿಂಗಳೀಕಗಳ ಅಭಯಾರಣ್ಯ. ಅಲ್ಲಿನ ಜನ ವಿರೋಧಿಸುತ್ತಿದ್ದಾರೆ.

ಎಂಜಿನಿಯರಾಗಿ ಆ ಯೋಜನೆಯ ಜಾಣ್ಮೆ ನನಗೆ ಅರ್ಥವಾಗುತ್ತದೆ. ಆದರೂ ನಾನು ವಿರೋಧಿಸುವವರ ಪಕ್ಕದಲ್ಲೇ ನಿಲ್ಲುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಊರುಗಳ ಕುಟುಂಬಗಳು ಜಮೀನಿನ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿವೆ. ಹಿನ್ನೀರಿನಾಚೆಯ ತುಮರಿ ಕಡೆಯ ಜನ ಆರು ದಶಕ ಲಾಂಚ್ ಕಾದು ಬದುಕಿದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಅವರಿಗೆ ಸಿಕ್ಕಿದ್ದು 2025ರ ಜುಲೈನಲ್ಲಿ. ಹೆರಿಗೆ ನೋವಿನ ಹೆಂಗಸನ್ನು ಆಸ್ಪತ್ರೆಗೆ ಸಾಗಿಸಲೂ ಅವರು ಆ ನೀರನ್ನು ದಾಟಬೇಕಿತ್ತು. ನಮ್ಮ ಮನೆಯ ದೀಪ ಉರಿದದ್ದು ಆ ನೀರಿನಿಂದ. ಪಾವಗಡದಲ್ಲೂ ಜಮೀನಿದ್ದವರಿಗೆ ಗುತ್ತಿಗೆಯ ಹಣ ಬಂತು, ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಏನೂ ಬರಲಿಲ್ಲ. ಆದ್ದರಿಂದ ಕಣಿವೆಯ ಕಡೆ ಕೈಚಾಚುವ ಮೊದಲು ನಗರ ತನ್ನೊಳಗೆ ಮಾಡಬಹುದಾದದ್ದನ್ನೆಲ್ಲ ಮಾಡಿ ಮುಗಿಸಬೇಕು. ಎಪ್ಪತ್ತೈದು ವ್ಯಾಟಿನ ಹಳೆಯ ಫ್ಯಾನಿನ ಜಾಗಕ್ಕೆ ಮೂವತ್ತು ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಬಂದಿದೆ. ಹತ್ತು ಲಕ್ಷ ಮನೆಗಳಲ್ಲಿ ಸಂಜೆ ಎರಡೆರಡು ಫ್ಯಾನು ತಿರುಗುತ್ತವೆ ಎಂದುಕೊಳ್ಳಿ. ಬರೀ ಆ ಬದಲಾವಣೆಯಿಂದ ತೊಂಬತ್ತು ಮೆಗಾವ್ಯಾಟ್ ಉಳಿಯುತ್ತದೆ. ಒಂದು ಎಲೆಯೂ ಅಲುಗುವುದಿಲ್ಲ.

ಇನ್ನು ಭರವಸೆಯ ಮಾತು. ಇದನ್ನು ನಾನು ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ನಿಂತು ಕಲಿತೆ. ಒಂದು ಏಪ್ರಿಲ್ ರಾತ್ರಿ ಹನ್ನೊಂದರ ಸುಮಾರಿಗೆ ಒಂದು ಬೀದಿಯಲ್ಲಿ ಮೂರನೇ ಸಲ ಫ್ಯೂಸ್ ಹೋಗಿತ್ತು. ಟ್ರಾನ್ಸ್‌ಫಾರ್ಮರಿನ ಮೈ ಮುಟ್ಟಲಾರದಷ್ಟು ಕಾದಿತ್ತು. ಅದರ ಪಕ್ಕದಲ್ಲಿ ಒಂದು ಸಣ್ಣ ಗಾಜಿನ ಡಬ್ಬಿಯಿರುತ್ತದೆ, ಟ್ರಾನ್ಸ್‌ಫಾರ್ಮರ್ ಉಸಿರಾಡುವುದು ಅದರ ಮೂಲಕ. ಒಳಗಿನ ಸಿಲಿಕಾ ಜೆಲ್ ಹರಳುಗಳು ಒಣಗಿದ್ದರೆ ನೀಲಿ, ತೇವ ಕುಡಿದಿದ್ದರೆ ಗುಲಾಬಿ. ಟಾರ್ಚ್ ಬಿಟ್ಟು ನೋಡಿದೆ, ಪೂರ್ತಿ ಗುಲಾಬಿ. ಎಷ್ಟು ದಿನದಿಂದ ಅದನ್ನು ಯಾರೂ ನೋಡಿರಲಿಲ್ಲವೋ! ಕಂಬ ಹತ್ತಿದ್ದ ಲೈನ್‌ಮ್ಯಾನ್ ಕೆಳಗಿಳಿದು ಬಂದು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಸಾರ್, ಮನೆಗಳು ಬೆಳೆದವು, ಇದು ಬೆಳೆಯಲಿಲ್ಲ."

ಅಂಥ 250 ಕೆ.ವಿ.ಎ. ಟ್ರಾನ್ಸ್‌ಫಾರ್ಮರಿನ ಕೆಳಗೆ ಈಗ ವಿದ್ಯುತ್ ಕಾರುಗಳು ಬರುತ್ತಿವೆ. ಏಳು ಕಿಲೋವ್ಯಾಟಿನ ಚಾರ್ಜರ್ ಇರುವ ಮೂವತ್ತು ಕಾರುಗಳು ಕಚೇರಿಯಿಂದ ಬಂದು ಸಂಜೆ ಏಳಕ್ಕೇ ಪ್ಲಗ್ ಹಾಕಿದರೆ ಟ್ರಾನ್ಸ್‌ಫಾರ್ಮರಿನ ಶಕ್ತಿಯ ಬಹುಪಾಲು ಅಲ್ಲಿಗೇ ಮುಗಿಯಿತು. ಅದೇ ಕಾರುಗಳು ರಾತ್ರಿ ಹನ್ನೊಂದರ ನಂತರ ಸರದಿಯಲ್ಲಿ ಚಾರ್ಜಾದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಬಿಎಂಟಿಸಿಯ ಸಾವಿರಕ್ಕೂ ಹೆಚ್ಚು ವಿದ್ಯುತ್ ಬಸ್ಸುಗಳ ಲೆಕ್ಕಾಚಾರವೂ ಇದೇ, ಡಿಪೊದಲ್ಲಿ ಮಲಗುವ ಹೊತ್ತೇ ಅವುಗಳ ಊಟದ ಹೊತ್ತಾಗಬೇಕು. ಹೊತ್ತಿಗೆ ತಕ್ಕ ದರ ಮನೆಗಳಿಗೂ ಬಂದರೆ ಜನ ತಾವಾಗಿಯೇ ಬದಲಾಗುತ್ತಾರೆ.

ಭರವಸೆ ಇಲ್ಲದಿದ್ದರೆ ಶುದ್ಧತೆಯೂ ನಿಲ್ಲುವುದಿಲ್ಲ. ಕರೆಂಟು ಹೋದ ಮರುಕ್ಷಣ ಅಪಾರ್ಟ್‌ಮೆಂಟುಗಳಲ್ಲಿ ಡೀಸೆಲ್ ಜನರೇಟರ್ ಗುಡುಗುತ್ತದೆ. ಒಂದು ಲೀಟರ್ ಡೀಸೆಲ್ಲಿಗೆ ಮೂರೂವರೆ ಯೂನಿಟ್ಟಿಗಿಂತ ಹೆಚ್ಚು ಸಿಗುವುದು ಅಪರೂಪ. ಯೂನಿಟ್ಟಿಗೆ ಇಪ್ಪತ್ತೈದು ರೂಪಾಯಿ ದಾಟುತ್ತದೆ, ಹೊಗೆ ಪಕ್ಕದ ಮನೆಯ ಮಗುವಿನ ಮೂಗಿಗೆ ಹೋಗುತ್ತದೆ. ಜನರೇಟರ್, ಯುಪಿಎಸ್ ಎಂದು ನಾವು ಮನೆ ಮನೆಯಲ್ಲೂ ಸುರಿದ ಹಣದಲ್ಲಿ ಎಷ್ಟು ಟ್ರಾನ್ಸ್‌ಫಾರ್ಮರ್ ಬದಲಾಗುತ್ತಿದ್ದವು, ಎಷ್ಟು ಉಪಕೇಂದ್ರಗಳಲ್ಲಿ ಬ್ಯಾಟರಿ ಇಡಬಹುದಿತ್ತು ಎಂದು ಯೋಚಿಸಿದಾಗ ನನಗೆ ಸಂಕಟವಾಗುತ್ತದೆ.

ಇದನ್ನೆಲ್ಲ ಕೂಡಿಸಿ ನೋಡುವವರು ಯಾರು? 2023ರ ನವೆಂಬರಿನಲ್ಲಿ ಪಾಲಿಕೆ ಹವಾಮಾನ ಕ್ರಿಯಾ ಯೋಜನೆ ಪ್ರಕಟಿಸಿತು, 2050ಕ್ಕೆ ಇಂಗಾಲ ತಟಸ್ಥವಾಗುವ ಗುರಿ ಅದರಲ್ಲಿದೆ. ಒಳ್ಳೆಯ ಹೆಜ್ಜೆ. ಆದರೆ ತಂತಿ ಬೆಸ್ಕಾಂನದು, ದೊಡ್ಡ ಮಾರ್ಗ ಕೆಪಿಟಿಸಿಎಲ್‌ನದು, ನೀರು ಜಲಮಂಡಳಿಯದು, ಬಸ್ಸು ಬಿಎಂಟಿಸಿಯದು, ನಕ್ಷೆ ಬಿಡಿಎಯದು. 2031ರ ಮಹಾನಕ್ಷೆಯ ಕರಡನ್ನು ಹಿಂಪಡೆದ ಮೇಲೂ ನಗರ 2015ರ ನಕ್ಷೆಯ ಮೇಲೇ ನಡೆಯುತ್ತಿದೆ. ಉಪಕೇಂದ್ರಕ್ಕೆ ಒಂದು ಎಕರೆ ಹುಡುಕುವಷ್ಟರಲ್ಲಿ ಬಡಾವಣೆ ತುಂಬಿ ಹೋಗಿರುತ್ತದೆ. ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಐದು ಪಾಲಿಕೆಗಳಾಗಿವೆ. ಒಂದೊಂದು ಪಾಲಿಕೆಯೂ ತನ್ನ ವ್ಯಾಪ್ತಿಯ ಫೀಡರುಗಳ ಗಂಟೆ ಗಂಟೆಯ ಅಂಕಿಯನ್ನು ವಾರ್ಡ್ ಕಚೇರಿಯ ಗೋಡೆಗೆ ಹಾಕಲಿ ಎಂಬುದು ನನ್ನ ಬೇಡಿಕೆ. ನಾನು ಪೆನ್ನಿನಲ್ಲಿ ಬರೆಯುತ್ತಿದ್ದದ್ದು ಈಗ ಕಂಪ್ಯೂಟರಿನಲ್ಲಿದೆ. ಅದು ನಿಮ್ಮ ಬೀದಿಯ ದಿನಚರಿ, ನೋಡುವ ಹಕ್ಕು ನಿಮಗಿದೆ.

ಮಾತು ಮುಗಿದ ಮೇಲೆ ಹಲವರು ಪ್ರಶ್ನೆ ಕೇಳಿದರು. ಒಂದನ್ನು ಇಲ್ಲಿ ಬರೆಯಲೇಬೇಕು. ನಮ್ಮ ಬೀದಿಯ ತಿರುವಿನಲ್ಲಿ ತಳ್ಳುಗಾಡಿಯ ಮೇಲೆ ಇದ್ದಿಲಿನ ಪೆಟ್ಟಿಗೆಯಿಂದ ಬಟ್ಟೆಗೆ ಇಸ್ತ್ರಿ ಹಾಕುವ ಅಕ್ಕ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಎದ್ದು ನಿಂತು, "ನೀವು ತಾರಸಿ ತಾರಸಿ ಎಂದಿರಿ ಸಾರ್. ನಮ್ಮದು ಬಾಡಿಗೆ ಮನೆ, ತಾರಸಿ ಓನರದು. ಗಾಡಿಗೆ ತಾರಸಿಯೇ ಇಲ್ಲ. ನಮಗೇನಿದೆ ಇದರಲ್ಲಿ?" ಎಂದು ಕೇಳಿದರು.

ದೆಹಲಿಯಲ್ಲಿ 2019ರಿಂದ ಇರುವ ಒಂದು ವ್ಯವಸ್ಥೆಯ ಬಗ್ಗೆ ಅವರಿಗೆ ಹೇಳಿದೆ. ಯಾವುದೋ ಒಂದು ಚಾವಣಿಯ ಮೇಲೆ ಹಲವರು ಸೇರಿ ಫಲಕ ಹಾಕಿಸುತ್ತಾರೆ, ಅಲ್ಲಿ ಬಂದ ಯೂನಿಟ್ಟನ್ನು ಅವರವರ ಪಾಲಿನಂತೆ ಅವರವರ ಬಿಲ್ಲಿನಲ್ಲಿ ಕಳೆಯುತ್ತಾರೆ. ನಿಮ್ಮ ಪಾಲಿನ ಎರಡು ಫಲಕ ನಮ್ಮ ಸರ್ಕಾರಿ ಶಾಲೆಯ ಮೇಲಿರಬಹುದು, ಮನೆ ಬದಲಿಸಿದರೂ ಪಾಲು ನಿಮ್ಮದೇ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಗಾಡಿಗೆ ಒಂದು ಮೀಟರು ಬೇಕಲ್ಲ" ಎಂದರು. ನಿಜ, ಬೇಕು. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಕೆಲಸ. ಬಿಸಿಲು ಕೊಡುವ ಹೊತ್ತಿಗೂ ಅವರು ದುಡಿಯುವ ಹೊತ್ತಿಗೂ ಇಷ್ಟು ಚೆನ್ನಾಗಿ ಹೊಂದುವ ಗ್ರಾಹಕರು ನನ್ನ ಮೂವತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ.

ಬೀದಿ ಬದಿಯ ಗಾಡಿಗೆ ಸಂಪರ್ಕ ಪಡೆಯಲು ಯಾವ ಯಾವ ಕಾಗದ ಬೇಕು ಎಂದು ವಿಚಾರಿಸಲು ಸೋಮವಾರ ನಾವಿಬ್ಬರೂ ಉಪವಿಭಾಗದ ಕಚೇರಿಗೆ ಹೋಗುತ್ತಿದ್ದೇವೆ. ಅವರ ಮನೆಯ ಆರ್.ಆರ್. ನಂಬರನ್ನು ನನ್ನ ಡೈರಿಯಲ್ಲಿ ಬರೆದುಕೊಂಡಿದ್ದೇನೆ.